ತಿಂಗಳು ತುಂಬಿಯೇ ಹುಟ್ಟಿದವನು

ಮೂರನೇ ಮಹಡಿಯ ಮನೆಯಿಂದ ಇಳಿಸುತ್ತಿದ್ದ ಸ್ಟ್ರೆಚರ್ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ತಗುಲಿ ನಿಂತಿತು. ಹೆಣ ಹೊತ್ತಿದ್ದ ನಾಲ್ವರಿಗೂ ಏದುಸಿರು.

"ಸ್ವಲ್ಪ ಇಳಿಸ್ರಪ್ಪಾ," ಎಂದ ಸತ್ತವನ ಹೆಂಡತಿಯ ತಮ್ಮ. "ನಲವತ್ತಕ್ಕೇ ಎದೆ ಕೆಡೋಕೆ ಕಾರಣ ಬೇಕಲ್ಲ. ಭಾವ ಕದ್ದುಮುಚ್ಚಿ ಸೇದ್ತಿದ್ರು ಅನ್ಸುತ್ತೆ."

"ಬಾಯಿಗೆ ಬಂದಂಗೆ ಮಾತಾಡ್ಬೇಡಿ. ಹದಿನೆಂಟು ವರ್ಷ ಜೊತೇಲಿದ್ದೆ, ಒಂದು ದಿನ ಸಿಗರೇಟು ಮುಟ್ಟಿದ್ದು ನೋಡಿಲ್ಲ," ಎಂದ ಆಫೀಸಿನ ವಾಚ್‌ಮನ್.

ಸತ್ತವನು ಅದೇ ಆಫೀಸಿನಲ್ಲಿ ಲಿಫ್ಟ್ ನಡೆಸುತ್ತಿದ್ದ. ಮೆಟ್ಟಿಲು ಕಂಡರಾಗದವನು ಹುಡುಕಿ ಹಿಡಿದ ಕೆಲಸ. ಎಲ್ಲರ ಬಾಯಲ್ಲೂ ಅವನು ಮೈಗಳ್ಳ. ಹಾಗೆಂದು ಮೊದಲು ಕರೆದವಳು ಹೆಂಡತಿಯೇ. ಈಗ ಅವಳು ಎರಡು ಮೆಟ್ಟಿಲು ಮೇಲೆ, ಅತ್ತೆಯ ತೋಳು ಹಿಡಿದು ನಿಂತಿದ್ದಳು.

"ನನ್ನ ಮಗ ಸೇದೋನಲ್ಲ ಕಣೋ!" ಅತ್ತೆ ಸಿಡಿದಳು. "ಏಳು ತಿಂಗಳೂ ತುಂಬಿರ್ಲಿಲ್ಲ, ಹುಟ್ಟಿಬಿಟ್ಟ. ಉಸಿರೇ ಸರಿಯಾಗಿ ಆಡ್ತಿರ್ಲಿಲ್ಲ. ಎರಡು ತಿಂಗಳು ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿಟ್ಟಿದ್ರು. ಆವತ್ತಿಂದಲೂ ಅವನ ಎದೆ ಅಷ್ಟೇ."

ಸೊಸೆ ತೋಳು ಬಿಟ್ಟಳು.

*

ಎರಡು ವರ್ಷದ ಹಿಂದೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದ್ದರು: "ಇದು ಹುಟ್ಟಿನಿಂದಲೇ ಬಂದಿದ್ದಿರ್ಬಹುದು, ಖಚಿತವಾಗಿ ಹೇಳೋಕಾಗಲ್ಲ. ತಿಂಗಳು ತುಂಬಿ ಹುಟ್ಟಿದ್ರಾ?"

ಅವನು ತಾಯಿಯ ಮುಖ ನೋಡಿದ.

"ತುಂಬಿಯೇ. ಗುಂಡುಕಲ್ಲಿನ ಹಾಗಿದ್ದ," ಎಂದು ತಾಯಿ ನಕ್ಕಳು.

"ಹಾಗಾದ್ರೆ ರೋಗ ಎಲ್ಲಿಂದ ಬಂತು ಡಾಕ್ಟ್ರೇ? ಸೋಮಾರಿತನ," ಎಂದಿದ್ದಳು ಹೆಂಡತಿ.

ಅವನೂ ನಂಬಿದ. ಮಾರನೆಯ ದಿನದಿಂದಲೇ ಹಟ ಹಿಡಿದು ಮನೆಯ ಮೂರು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಲು ನೋಡಿದ. ತುಟಿ ನೀಲಿಯಾಗಿ ಬಾಗಿಲಲ್ಲೇ ಕುಸಿದವನನ್ನು ಕಂಡು ಹೆಂಡತಿ, "ಸಾಕು ನಿಮ್ಮ ನಾಟಕ, ಏಳಿ," ಎಂದಿದ್ದಳು.

*

"ಯಾಕತ್ತೆ ಮುಚ್ಚಿಟ್ರಿ?"

"ಅರ್ಧಂಬರ್ಧ ಹುಟ್ಟಿದೋನು ಅಂದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ರಾ?"

"ಮದುವೆ ಆಗಿ ಎಷ್ಟು ವರ್ಷ ಆಯ್ತು! ಡಾಕ್ಟ್ರು ಬಾಯಿಬಿಟ್ಟು ಕೇಳಿದ್ರಲ್ಲ, ಆಗ?"

"ನೀನು ಪಕ್ಕದಲ್ಲೇ ಇದ್ಯಲ್ಲಮ್ಮ."

"ನಾನು ಅವ್ರನ್ನ ಮೈಗಳ್ಳ ಅಂದಾಗಲೆಲ್ಲ ನೀವೂ ಪಕ್ಕದಲ್ಲೇ ಇದ್ರಿ!" ಸೊಸೆಯ ದನಿ ಇಡೀ ಕಟ್ಟಡಕ್ಕೆ ಕೇಳಿಸಿತು. ಅವಳಿಗೆ ಅತ್ತೆಯ ಮೇಲೆ ಅಸಹ್ಯವಾಯಿತು, ತನ್ನ ಮೇಲೆ ಅದಕ್ಕಿಂತ ಹೆಚ್ಚು.

ಹೊತ್ತವರು ಸ್ಟ್ರೆಚರಿನ ಹಿಡಿಕೆಗಳಿಗೆ ಬಗ್ಗಿದರು. ವಾಚ್‌ಮನ್ ಮೆಲ್ಲಗೆ, "ಎತ್ತೋಣ," ಎಂದ.

ಇಷ್ಟು ವರ್ಷ ಮುಚ್ಚಿಟ್ಟಿದ್ದ ಮುದುಕಿಗೆ ಈಗ ಮಾತು ನಿಲ್ಲಲೊಲ್ಲದು. ಮೊಣಕೈ ಮಡಿಸಿ, ಅಂಗೈ ಮೇಲೆ ಮಾಡಿ, ಒಬ್ಬೊಬ್ಬರಿಗೂ ತೋರಿಸತೊಡಗಿದಳು.

"ಇಷ್ಟೇ ಇದ್ದ ಕಣ್ರೋ. ಇಲ್ಲಿಂದ ಇಲ್ಲೀತನಕ, ಇಷ್ಟೇ."

ಸ್ಟ್ರೆಚರ್ ತಿರುವು ದಾಟಿ ಕೆಳಗಿಳಿಯಿತು. ನೋಡುವವರು ಯಾರೂ ಉಳಿದಿರಲಿಲ್ಲ. ಅವಳ ತೋಳು ಮಾತ್ರ ಮಗುವಿನ ತಲೆಗೆ ಆಸರೆ ಕೊಟ್ಟ ಹಾಗೆ ಮಡಿಸಿಯೇ ಇತ್ತು.