ಧಾರೆಯ ದಿನ ಬಂದ ಫೋನು

ಕ್ಯಾಪ್ಟನ್ ಶಶಿಕಿರಣನ ನೆನಪಿನ ದಿನ ಬಂತೆಂದರೆ ಕೊಪ್ಪದಲ್ಲಿ ಭಾಷಣಕ್ಕೇನೂ ಬರವಿಲ್ಲ. ಅವನನ್ನು ಒಮ್ಮೆಯೂ ಕಾಣದವರು ಮೈಕ್ ಹಿಡಿದು, ಕುಪ್ವಾರದ ಕಾಡಿನಲ್ಲಿ ತಾವೇ ಪಕ್ಕದಲ್ಲಿ ನಿಂತಿದ್ದೆವೇನೋ ಎಂಬಂತೆ ಅವನ ಎದೆಗಾರಿಕೆ ಬಣ್ಣಿಸುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಚಿಕ್ಕಪ್ಪ ದತ್ತಮೂರ್ತಿಗೆ ಮೈ ಉರಿಯುತ್ತದೆ. ಉರಿದು ಮಾಡುವುದೇನು? ಆ ಹುಡುಗನೆಂದರೆ ಅವರಿಗೆ ನೆನಪಾಗುವುದು ಬಂದೂಕೂ ಅಲ್ಲ, ಪದಕವೂ ಅಲ್ಲ. ಎರಡು ಸಾವಿರದ ಐದರ ಮೇ ತಿಂಗಳ ಒಂದು ಬೆಳಗ್ಗೆ ಬಂದ ಫೋನು.

ಅಂದು ಶಶಿಯ ತಂಗಿ ಶರಣ್ಯಾಳ ಮದುವೆ. ಹೆಣ್ಣು ನೆಮ್ಮಾರಿನದು, ಗಂಡು ನರಸಿಂಹರಾಜಪುರದವನು, ಇಬ್ಬರಿಗೂ ಅನುಕೂಲವೆಂದು ಕೊಪ್ಪದ ಕಲ್ಯಾಣ ಮಂಟಪ. ಶಶಿಗೆ ರಜೆ ಸಿಕ್ಕಿರಲಿಲ್ಲ. ಧಾರೆಗೆ ಮುಂಚೆ ಫೋನ್ ಮಾಡುತ್ತೇನೆಂದು ಮಂಟಪದ ಆಫೀಸಿನ ನಂಬರ್ ತೆಗೆದುಕೊಂಡಿದ್ದ. ನೆಮ್ಮಾರಿನ ಮನೆಗೆ ಬೀಗ ಬಿದ್ದಿರುತ್ತದಲ್ಲ, ತನ್ನ ಯೂನಿಟ್ಟಿಗೂ ಅದೇ ನಂಬರ್ ಕೊಟ್ಟಿಟ್ಟಿದ್ದ.

ತಿಂಡಿಯ ಪಂಕ್ತಿ ನಡೆಯುತ್ತಿದ್ದಾಗ ಮ್ಯಾನೇಜರ್ ಇಡೀ ಮಂಟಪಕ್ಕೆ ಕೇಳುವ ಹಾಗೆ ಕೂಗಿದ: "ಮಿಲಿಟರಿಯಿಂದ ಫೋನು, ಹಿಂದೀಲಿ ಮಾತಾಡ್ತಾರೆ." ಹೈಸ್ಕೂಲಿನ ಹಿಂದಿ ಮೇಷ್ಟ್ರಾದ ದತ್ತಮೂರ್ತಿ ಎಲೆ ಬಿಟ್ಟೆದ್ದು ಓಡಿದರು. ಆ ಕಡೆ ಇದ್ದವರು ಶಶಿಯ ಕರ್ನಲ್. ನಿನ್ನೆ ರಾತ್ರಿ ಉಗ್ರರ ಜೊತೆ ಗುಂಡಿನ ಕಾಳಗವಾಯಿತು, ಗಾಯಗೊಂಡ ಇಬ್ಬರು ಜವಾನರನ್ನು ಎಳೆದು ತರಲು ನಿಮ್ಮ ಹುಡುಗ ಮುಂದೆ ಹೋದ, ಅವರಿಬ್ಬರೂ ಉಳಿದರು, ಅವನು ಉಳಿಯಲಿಲ್ಲ ಎಂದರು.

ದತ್ತಮೂರ್ತಿ "ಜೀ, ಜೀ" ಅಂದರು. ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ ಭಾಷೆಯಲ್ಲಿ ಅದಕ್ಕಿಂತ ಹೆಚ್ಚಿಗೆ ಒಂದು ಶಬ್ದ ಬಾಯಿಗೆ ಬರಲಿಲ್ಲ. ರಿಸೀವರ್ ಇಟ್ಟದ್ದೂ ಅವರಿಗೆ ನೆನಪಿಲ್ಲ. ಹೊರಗೆ ವಾಲಗದವರು ಊದುತ್ತಲೇ ಇದ್ದರು.

ದತ್ತಮೂರ್ತಿ ಹಿರೇಕೊಡಿಗೆಯ ಪುರೋಹಿತ ಮಹೇಶ್ವರ ಭಟ್ಟರನ್ನು ಉಗ್ರಾಣಕ್ಕೆ ಕರೆದು ಸುದ್ದಿ ಹೇಳಿದರು. ಭಟ್ಟರು ತೆಂಗಿನಕಾಯಿ ಮೂಟೆಯ ಮೇಲೆ ಕುಸಿದು ಕೂತರು.

"ಸೂತಕ ಬಂತಲ್ಲ ಭಟ್ರೇ. ಮದುವೆ ನಿಲ್ಸೂದಾ?"

"ನಾಂದಿ ಆಗಿದೆ. ನಾಂದಿ ಆದ್ಮೇಲೆ ಮದುವೆಗೆ ಸೂತಕ ತಾಗೂದಿಲ್ಲ, ಶಾಸ್ತ್ರ ಹಾಗಿದೆ. ಆದ್ರೆ ಶಾಸ್ತ್ರ ಬಿಡು, ಮಗ ಹೋದ ಅಂತ ಗೊತ್ತಾದ್ರೆ ಆ ತಾಯಿ ಮಗಳನ್ನ ಧಾರೆ ಎರೀತಾಳಾ? ಕಿವಿಗೆ ಬೀಳದವರಿಗೆ ಸೂತಕವೂ ಇಲ್ಲ. ಧಾರೆ ಮುಗಿಯೋ ತನಕ ಬಾಯಿ ಮುಚ್ಕೊಂಡಿರು ಮಾರಾಯ."

ಬಾಯಿ ಮುಚ್ಚಿಕೊಂಡಿರಬೇಕಂತೆ! ಬಿಡುವವರು ಯಾರು? ಹೊರಗೆ ಕಾಲಿಟ್ಟರೆ ಶಶಿಯ ತಾಯಿ ತ್ರಿಪುರಸುಂದರಿ, ಮುಖವೆಲ್ಲ ಬೆಳಕಾಗಿ ಎದುರಿಗೇ ನಿಂತಿದ್ದಾರೆ.

"ಶಶಿನಾ? ನನ್ನ ಕರೀಬಾರ್ದಿತ್ತಾ? ಎಂತ ಅಂದ?"

"ಅವನೇ ಅತ್ತಿಗೆ. ಹಿಂದೀಲಿ ಮಾತಾಡಿದ್ದು ಅಲ್ಲಿಯ ಆಪರೇಟರ್. ಲೈನ್ ಕಟ್ ಆಯ್ತು. ಶರಣ್ಯಾಂಗೆ ಆಶೀರ್ವಾದ ಅಂದ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಹಾಳು ನಾಲಿಗೆ ನಿಲ್ಲಲಿಲ್ಲ. "ಅಮ್ಮ ಧಾರೆ ತನಕ ಉಪವಾಸ ಅಂತ ತಲೆ ತಿರುಗಿ ಬೀಳೂದು ಬೇಡ, ಒಂದು ಲೋಟ ಹಾಲು ಕುಡೀಲಿ ಅಂದ."

"ಕ್ಯಾಪ್ಟನ್ ಸಾಹೇಬ್ರ ಆರ್ಡರ್ ಮಾರಾಯ್ರೆ, ಮೀರೂದು ಹೆಂಗೆ," ಎಂದು ಅತ್ತಿಗೆ ಎಲ್ಲರೆದುರು ನಗುತ್ತಾ ಹಾಲು ತರಿಸಿ ಕುಡಿದರು. ಧಾರೆಗೆ ಮುಂಚೆ ಯಾವ ಹೆತ್ತಮ್ಮನೂ ಹಾಗೆ ಕುಡಿದದ್ದಿಲ್ಲ. ಸತ್ತವನ ಬಾಯಲ್ಲಿ ಮಾತು ಇಟ್ಟೆನಲ್ಲ ಎಂದುಕೊಳ್ಳುತ್ತಾ ದತ್ತಮೂರ್ತಿ ಖಾಲಿ ಲೋಟ ಒಳಗಿಟ್ಟು ಬಂದರು.

ಧಾರೆಯೇನೋ ಆಯಿತು. ಆಮೇಲೆ ಹೋಮಕ್ಕೆ ಹೆಣ್ಣಿನ ಬೊಗಸೆಗೆ ಅರಳು ಹಾಕುವುದು ಅಣ್ಣನ ಕೆಲಸ. ಅಣ್ಣ ಇಲ್ಲವೆಂದು ಚಿಕ್ಕಪ್ಪನನ್ನೇ ನಿಲ್ಲಿಸಿದರು. "ಅಣ್ಣನ ಹೆಸರು ಹೇಳಿ ಹಾಕಿ ಚಿಕ್ಕಪ್ಪಾ," ಎಂದಳು ಶರಣ್ಯಾ. ದತ್ತಮೂರ್ತಿಯ ತುಟಿ ಅಲುಗಿತೇ ಹೊರತು ಹೆಸರು ಬರಲಿಲ್ಲ. ಅರ್ಧ ಅರಳು ನೆಲಕ್ಕೆ ಬಿತ್ತು. ಮೇಷ್ಟ್ರಿಗೆ ವಯಸ್ಸಾಯ್ತು ಎಂದು ಯಾರೋ ನಕ್ಕರು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ದತ್ತಮೂರ್ತಿ ತಮ್ಮ ಅಣ್ಣ, ಶಶಿಯ ತಂದೆ ರವಿಶಂಕರನನ್ನೂ ಅತ್ತಿಗೆಯನ್ನೂ ಒಳಕೋಣೆಗೆ ಕರೆದರು. ಭಟ್ಟರೂ ಜೊತೆಗೆ ಬಂದರು. ದತ್ತಮೂರ್ತಿ ಕರ್ನಲ್ ಹೇಳಿದ್ದನ್ನು ಹೇಳಿದರು. ಫೋನು ಯಾವಾಗ ಬಂತೆಂದು ಮಾತ್ರ ಹೇಳಲಿಲ್ಲ. ನಿನ್ನೆ ರಾತ್ರಿಯೇ ಆದದ್ದಂತೆ, ಸುದ್ದಿ ಬಂದಿದೆ, ಅಷ್ಟೇ. ಅಣ್ಣ ಗೋಡೆಗೊರಗಿ ಹಾಗೇ ಕೆಳಗೆ ಜಾರಿದ. ಅತ್ತಿಗೆ ಜಾರಲಿಲ್ಲ. ಮೈದುನನ ಮುಖ ನೋಡಿ ನಕ್ಕುಬಿಟ್ಟರು.

"ಎಂತ ಹೇಳ್ತಿ ದತ್ತಾ? ನಿನ್ನೆ ರಾತ್ರಿ ಹೋದವ ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದು ಹೆಂಗೆ? ಬೇರೆ ಯಾರೋ ಇರ್ಬೇಕು. ಪಾಪ, ಯಾರ ಮನೆ ಮಗನೋ." ಗಂಡನ ತೋಳು ಹಿಡಿದು ಎಬ್ಬಿಸತೊಡಗಿದರು. "ಏಳಿ, ಅಳಬೇಡಿ. ಅವ ಬೆಳಿಗ್ಗೆ ಮಾತಾಡಿದಾನೆ. ಹಾಲು ಕುಡಿ ಅಂದಿದಾನೆ."

ಅಣ್ಣನ ಮುಖಕ್ಕೂ ಕಳೆ ಬಂತು. "ಹೌದಲ್ಲ ದತ್ತಾ," ಎಂದ.

ಇಂಥದ್ದೊಂದು ಆಗಬಹುದೆಂದು ದತ್ತಮೂರ್ತಿಗೂ ಹೊಳೆದಿರಲಿಲ್ಲ, ಭಟ್ಟರಿಗೂ ಹೊಳೆದಿರಲಿಲ್ಲ. ಕಾಶ್ಮೀರದಲ್ಲಿ ಸತ್ತ ಹುಡುಗನನ್ನು ತಾವೇ ಬದುಕಿಸಿ ಇಟ್ಟಾಗಿದೆ. ಈಗ ಅವನ ಅಪ್ಪ ಅಮ್ಮನ ಎದುರು ನಿಂತು, ತಮ್ಮ ಬಾಯಾರೆ ಅವನನ್ನು ಇನ್ನೊಮ್ಮೆ ಕೊಲ್ಲಬೇಕು. ಭಟ್ಟರ ಕಡೆ ನೋಡಿದರೆ ಅವರು ನೆಲ ನೋಡುತ್ತಿದ್ದರು.

"ಅತ್ತಿಗೆ, ಆ ಫೋನ್ ಮಾಡಿದ್ದು ಅವನಲ್ಲ, ಅವನ ಕರ್ನಲ್ಲು. ಅವ ಹೇಳಿದ ಅಂತ ನಾನು ಹೇಳಿದ್ದೆಲ್ಲ ಸುಳ್ಳು. ನಾನೇ ಕಟ್ಟಿದ್ದು."

ತ್ರಿಪುರಸುಂದರಿ ಗಂಡನ ತೋಳು ಬಿಟ್ಟರು. ಹೊರಗೆ ಫೋಟೋದವನು ಎಲ್ಲರನ್ನೂ ನಗಿ ನಗಿ ಎನ್ನುತ್ತಿದ್ದ. ಅವರು ದತ್ತಮೂರ್ತಿಯ ಹತ್ತಿರ ಬಂದು, ಎರಡೂ ಕೈ ಹಿಡಿದುಕೊಂಡು, ಗಂಡನಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು:

"ಇನ್ನೊಂದ್ಸಲ ಸುಳ್ಳು ಹೇಳು ದತ್ತಾ. ಬೆಳಿಗ್ಗೆ ಎಷ್ಟು ಚಂದ ಹೇಳಿದ್ಯಲ್ಲ."