ಒಂದೇ ಮಗ್ಗುಲ ಚಾಕು

ಬಾಗಲಗುಂಟೆಯ ಬ್ಯಾಟರಾಯಪ್ಪನ ನರ್ಸರಿಯಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತಿತ್ತು. ಯಜಮಾನನ ಮೀಸೆಯನ್ನು ಬೇಕಾದರೆ ಮುಟ್ಟಬಹುದು, ಚಾಕುವನ್ನು ಮುಟ್ಟುವಂತಿಲ್ಲ. ಮಡಚಿದರೆ ಅಂಗೈಯೊಳಗೆ ಅಡಗುವ ಚಾಕು. ಅಕ್ರೋಟು ಮರದ ಹಿಡಿ, ಒಳಗೆ ಹಿತ್ತಾಳೆ ತಗಡು, ಕಸಿ ಕಟ್ಟುವುದಕ್ಕೆಂದೇ ಜರ್ಮನಿಯಲ್ಲಿ ಹದ ಮಾಡಿದ ಉಕ್ಕು. ಏಳು ವರ್ಷದ ಹಿಂದೆ, ಅವನಿಗೆ ಕಸಿ ಕಲಿಸಿದ ಸೇತುರಾಮ ಮೇಷ್ಟ್ರು, “ನನ್ನ ಕೈ ನಡುಗೋಕೆ ಶುರುವಾಯ್ತು, ಇನ್ನಿದು ನಿಂದು” ಎಂದು ಕೊಟ್ಟಿದ್ದರು. ಕೈಗೆ ಕೊಟ್ಟಿರಲಿಲ್ಲ, ನೆಲದ ಮೇಲಿಟ್ಟಿದ್ದರು. ಚಾಕು ಕೈಯಿಂದ ಕೈಗೆ ಹೋದರೆ ಜಗಳ ಬರುತ್ತದಂತೆ. ಅಷ್ಟು ಜಾಗ್ರತೆ ಮಾಡಿದರೂ ಬರುವ ಜಗಳ ಬಂದೇ ಬಂತು.

ಈ ಏಳು ವರ್ಷದಲ್ಲಿ ಆ ಚಾಕು ಪಡದ ಪಾಡಿಲ್ಲ. ಮಳೆಗಾಲದಲ್ಲಿ ದಿನಕ್ಕೆ ಇನ್ನೂರು ಮುನ್ನೂರು ಗಿಡ. ಮಾವಿನ ಸೊನೆ, ಸಪೋಟದ ಹಾಲು, ಹಲಸಿನ ಅಂಟು. ಒಮ್ಮೆ ಗೊಬ್ಬರದ ಗುಂಡಿಗೆ ಬಿದ್ದು ಮೂರು ದಿನ ಮಲಗಿತ್ತು; ತೊಳೆದು ಒರೆಸಿದರೆ ತುಕ್ಕಿನ ಚುಕ್ಕೆಯೂ ಇರಲಿಲ್ಲ. ಇನ್ನೊಮ್ಮೆ ಕೆಮ್ಮಣ್ಣು ತಂದ ಟಿಪ್ಪರ್ ಮೇಲೆ ಹತ್ತಿ, ಚಾಕು ಹಸಿ ನೆಲದಲ್ಲಿ ಹೂತುಹೋಗಿತ್ತು. ಹಿಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತೇ ಹೊರತು ಕೀಲು ಅಲುಗಲಿಲ್ಲ. ವಾರಕ್ಕೊಂದು ತೊಟ್ಟು ಹರಳೆಣ್ಣೆ, ಅಷ್ಟೇ ಅದರ ಊಟ. “ನಮ್ ಸಂಸಾರದಾಗೆ ಒಂದ್ ಮಾತೂ ಎದುರಾಡ್ದೆ ದುಡಿಯೋದು ಅಂದ್ರೆ ಇದೊಂದೇಯ” ಎಂದು ಬ್ಯಾಟರಾಯಪ್ಪ ಬಂದವರೆದುರು ಹೇಳುವುದು, ಒಳಗಿನಿಂದ ಹೆಂಡತಿ ವೆಂಕಟಲಕ್ಷ್ಮಮ್ಮ, “ಅದಕ್ಕೇ ಮುದ್ದೆ ತಿರುವಾಕೂ ಹೇಳಿ” ಎನ್ನುವುದು, ನಡೆದುಕೊಂಡು ಬಂದಿತ್ತು.

ಆಯುಧಪೂಜೆಯ ದಿನ ಬೆಳಿಗ್ಗೆ ಅಬ್ಬಿಗೆರೆಯ ಮುನಿಶಾಮಪ್ಪ ಕಾರಿನಿಂದ ಇಳಿದ. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಐದು ಹಲಸಿನ ಕಡ್ಡಿ. ಅವನ ಹಿತ್ತಲ ಕೆಂಪು ತೊಳೆಯ ಹಲಸು ಆ ಸೀಮೆಗೆಲ್ಲ ಹೆಸರುವಾಸಿ. ಹನ್ನೆರಡು ವರ್ಷ ಬ್ಯಾಟರಾಯಪ್ಪ ಕೈಮುಗಿದು ಕೇಳಿದ್ದರೂ ಒಂದು ಕಡ್ಡಿ ಕೊಟ್ಟವನಲ್ಲ. “ಕಂಡೋರ ಮನೇಲೆಲ್ಲ ಅದೇ ಅಣ್ಣು ಬಿಟ್ರೆ ನನ್ ಮರಕ್ಕೇನ್ ಮರ್ವಾದೆ?” ಎನ್ನುತ್ತಿದ್ದ. ಈಗ ಅವನೇ ಕಟ್ಟಿಸುತ್ತಿದ್ದ ಬಿಲ್ಡಿಂಗಿನ ಚರಂಡಿಗೆ ನೆಲ ತೋಡಿಸಿದಾಗ ಬೇರು ಕಡಿದುಹೋಗಿ ಮರ ಒಣಗಿತ್ತು. ಒಂದು ಕೊಂಬೆಯಲ್ಲಿ ಮಾತ್ರ ಹಸಿರು ಉಳಿದಿತ್ತು.

“ನೆನ್ನೆ ಬೆಳಿಗ್ಗೆ ಕುಯ್ದಿದ್ದು. ಇವೈದು ಬಿಟ್ರೆ ಆ ಮರದಾಗೆ ಜೀವ ಇರೋ ಕಡ್ಡಿ ಇಲ್ಲ ಕಣೋ ಬ್ಯಾಟ. ನನ್ ಕಣ್ಮುಂದೇನೇ ಕಟ್ಟು” ಎಂದು ಕುರ್ಚಿ ಎಳೆದುಕೊಂಡು ಕೂತ.

ಹಲಸಿನ ಕಡ್ಡಿ ಎರಡು ದಿನ ತಾಳುವುದೇ ಹೆಚ್ಚು. ಸಂಜೆ ದೀಪ ಹಚ್ಚಿ ಆಯುಧಗಳನ್ನು ದೇವರ ಮುಂದಿಟ್ಟರೆ, ನಾಳೆ ವಿಜಯದಶಮಿಯ ಪೂಜೆ ಮುಗಿಯುವ ತನಕ ಮುಟ್ಟುವಂತಿಲ್ಲ. ಕಟ್ಟಿದರೆ ಇವತ್ತೇ. ಬ್ಯಾಟರಾಯಪ್ಪ ಕಡ್ಡಿಗಳನ್ನು ಕಣ್ಣಿಗೊತ್ತಿಕೊಂಡು, ಪೂಜೆಗೆಂದು ಹೆಂಡತಿ ತೊಳೆದಿಟ್ಟಿದ್ದ ಚಾಕುವನ್ನು ತಂದು ಬಿಚ್ಚಿದ.

ಬಿಚ್ಚಿದವನು ಹಾಗೇ ನಿಂತ.

ಕಸಿ ಚಾಕುವಿಗೆ ಒಂದೇ ಮಗ್ಗುಲಿಗೆ ಸಾಣೆ. ಒಂದು ಮಗ್ಗುಲು ಇಳಿಜಾರು, ಇನ್ನೊಂದು ಗಾಜಿನ ಹಾಗೆ ಸಪಾಟು. ಆ ಸಪಾಟು ಮಗ್ಗುಲು ಕಡ್ಡಿಯ ಮೇಲೆ ಒರಗಿದರೆ ಮಾತ್ರ ಕೊಯ್ದ ಮುಖ ಸಮನಾಗುತ್ತದೆ. ಕಡ್ಡಿಯನ್ನು ಗಿಡದ ಸೀಳಿಗೆ ಕೂರಿಸಿದಾಗ ನಡುವೆ ಬೆಳಕು ತೂರಬಾರದು, ತೂರಿದಲ್ಲಿ ಕೊಳೆಯುತ್ತದೆ. ಈಗ ನೋಡಿದರೆ ಚಾಕುವಿನ ಎರಡೂ ಮಗ್ಗುಲು ಇಳಿಜಾರು! ತರಕಾರಿ ಹೆಚ್ಚುವ ಚೂರಿಯ ಹಾಗೆ ಫಳಫಳ ಹೊಳೆಯುತ್ತಿತ್ತು.

“ಯಾವನ್ಲಾ ಇದುನ್ನ ಮುಟ್ಟಿದ್ದು?”

ಕೂಗಿಗೆ ಬೇಲಿಯ ಮೇಲಿನ ಕಾಗೆ ಹಾರಿತು. ವೆಂಕಟಲಕ್ಷ್ಮಮ್ಮ ಅರಿಶಿನದ ಕೈಯಲ್ಲೇ ಬಂದಳು. ಮುಖದಲ್ಲಿ ಸಂತೋಷ. “ನೆನ್ನೆ ವಾಜಿದ್ ಬಂದಿದ್ದ, ಸಾಣೆ ಇಡಿಸ್ದೆ. ವರ್ಸೆಲ್ಲ ನಿಮಗೆ ದುಡಿದೈತೆ, ದೇವ್ರ ಮುಂದೆ ಮೊಂಡಾಗಿ ಕೂತ್ಕಂಬೇಕಾ?”

ಬ್ಯಾಟರಾಯಪ್ಪನಿಗೆ ಪಿತ್ತ ನೆತ್ತಿಗೇರಿತು. ಚಾಕು ಹಿಡಿದೇ ಮಾರಮ್ಮನ ಗುಡಿಯ ಕಡೆಗೆ ದಾಪುಗಾಲು ಹಾಕಿದ. ಅಲ್ಲಿ ಸಾಣೆ ಹಿಡಿಯುವ ವಾಜಿದ್ ಸೈಕಲ್ಲಿನ ಚಕ್ರ ತುಳಿಯುತ್ತ ಒಂದು ಮಚ್ಚು ಮಸೆಯುತ್ತಿದ್ದ.

“ಏನಯ್ಯಾ, ಇಪ್ಪತ್ತು ವರ್ಸದಿಂದ ಸಾಣೆ ಇಡೀತಿದ್ದೀಯ, ಕಸಿ ಚಾಕು ಗುರ್ತಾಗಕಿಲ್ವ ನಿನಗೆ? ಕಣ್ಣಿಗೇನು ಸುಣ್ಣ ಬಿದ್ದಿತ್ತಾ?”

ವಾಜಿದ್ ತುಳಿಯುವುದನ್ನು ನಿಲ್ಲಿಸಿದ. “ಸುಮ್ನೆ ಬೈಬೇಡಿ ಅಣ್ಣ. ನಾನು ಅಮ್ಮಂಗೆ ಹೇಳ್ದೆ, ಇದು ಒಂದೇ ಸೈಡು ಅಂತ. ಅವ್ರು ಏನಂದ್ರು ಗೊತ್ತಾ? ‘ಹಬ್ಬದ ಟೈಮಲ್ಲಿ ಅರ್ಧ ಕೆಲ್ಸ ಮಾಡಿ ಓಡೋಗ್ತೀಯಾ, ದೇವ್ರಿಗೂ ಟೋಪಿ ಹಾಕ್ತೀಯಾ’ ಅಂತ ಬೀದಿಗೆಲ್ಲ ಕೇಳೋ ಹಂಗೆ ಬೈದ್ರು. ಆಮೇಲೆ ನಾನೇನ್ ಮಾಡ್ಲಿ? ಅದಿರ್ಲಿ, ಎಂಥಾ ಸ್ಟೀಲ್ ಅಣ್ಣ ಅದು! ನನ್ ಚಕ್ರಾನೇ ತಿಂದ್ಬಿಡ್ತು ನೋಡಿ” ಎಂದು ಕಲ್ಲಿನ ಅಂಚಿನಲ್ಲಿ ಬಿದ್ದ ಗೀರು ತೋರಿಸಿದ.

ಸಿಟ್ಟಿಗೆ ಇಳಿಯಲು ಒಂದು ಜಾಗ ಬೇಕು. ಅದು ಸಿಗದೆ ಬ್ಯಾಟರಾಯಪ್ಪ ಇನ್ನಷ್ಟು ಸಿಟ್ಟಾಗಿ ಮರಳಿದ. ಬಾಗಿಲಲ್ಲಿ ರಂಗೋಲಿ ಬಿಡುತ್ತಿದ್ದ ಹೆಂಡತಿಯನ್ನು ಕಂಡದ್ದೇ ಬಾಯಿಗೆ ಬಂತು: “ನಿನ್ ಬಕ್ತಿಗಿಷ್ಟು ಬೆಂಕಿ ಬೀಳ!”

ಹಬ್ಬದ ದಿನ, ಹೊಸ್ತಿಲ ಮೇಲೆ, ಆಡಬಾರದ ಮಾತು. ಅವಳ ಬೆರಳಿನಿಂದ ರಂಗೋಲಿ ಪುಡಿ ಒಂದೇ ಕಡೆ ಗುಡ್ಡೆಯಾಗಿ ಸುರಿಯಿತು. ಎದ್ದು ಒಳಗೆ ಹೋದಳು. ಅಂದದ್ದು ಹೆಚ್ಚಾಯಿತೆಂದು ಆಡಿದವನಿಗೂ ಗೊತ್ತಾಯಿತು, ಆದರೆ ಸಿಟ್ಟು ಇಳಿಯಲಿಲ್ಲ.

ಕೂಲಿಯವರ ಚಾಕುಗಳು ಇದ್ದವು. ಬ್ಲೇಡು ತುರುಕುವ ಪ್ಲಾಸ್ಟಿಕ್ ಹಿಡಿಯವು, ಹಲಸಿನ ಕಡ್ಡಿಗೆ ಬಾಗುತ್ತವೆ. ಹಾಗಾಗಿ ಬ್ಯಾಟರಾಯಪ್ಪ ಮಸೆಯುವ ಕಲ್ಲಿಗೆ ನೀರು ಚಿಮುಕಿಸಿ, ಕೆಟ್ಟ ಮಗ್ಗುಲನ್ನು ಅಡ್ಡ ಮಲಗಿಸಿ ಉಜ್ಜಲು ಕೂತ. ಇಳಿಜಾರು ಅಳಿದು ಮತ್ತೆ ಸಪಾಟಾಗುವ ತನಕ ಉಜ್ಜಬೇಕು, ಬೇರೆ ದಾರಿಯಿಲ್ಲ. ಒಂದು ಗಂಟೆಯಾಯಿತು. ಎರಡಾಯಿತು. ಚಾಕು ಜಪ್ಪಯ್ಯ ಅನ್ನಲಿಲ್ಲ. ಸವೆಯುವುದಿಲ್ಲ ಎಂದು ಏಳು ವರ್ಷ ಊರಿಗೆಲ್ಲ ಹೊಗಳಿಕೊಂಡು ಬಂದ ಉಕ್ಕು ಈಗಲೂ ಸವೆಯಲೊಲ್ಲದು! ಕಲ್ಲಿನ ನಡುವೆಯೇ ತಗ್ಗು ಬಿತ್ತು. “ಸವೆಯೇ ಮುಂಡೇದೇ, ಸವೆ” ಎಂದು ಹಲ್ಲು ಕಚ್ಚಿ ಬೈದ. ಹೊಗಳಿದ ಗುಣಕ್ಕೇ ಬೈಯುತ್ತಿದ್ದೇನೆ ಎಂದು ಗೊತ್ತಾಗಿ ಮತ್ತೂ ಉರಿಯಿತು.

“ಏನ್ಲಾ, ಕಡ್ಡಿ ಒಣಗಿದ್ ಮ್ಯಾಲೆ ಒಲೆಗಿಡಾನ ಅಂತ್ಲಾ?” ಎಂದ ಮುನಿಶಾಮಪ್ಪ.

ಆ ಮಾತಿಗೆ ಬ್ಯಾಟರಾಯಪ್ಪ ತಟಕ್ಕನೆ ಎದ್ದ. ಸಪಾಟು ಇನ್ನೂ ಪೂರ್ತಿ ಬಂದಿರಲಿಲ್ಲ. ಬಂದಿಲ್ಲವೆಂದು ಗೊತ್ತಿದ್ದೂ ಒಂದು ಕಡ್ಡಿ ಹಿಡಿದು ಎಳೆದ. ಕೊಯ್ದ ಮುಖ ಉಬ್ಬುತಗ್ಗಾಯಿತು. ಬಿಸಾಡಿ ಎರಡನೆಯದು ತೆಗೆದ. ಸಿಟ್ಟಿನ ಭರಕ್ಕೆ ಬೇಕಾದ್ದಕ್ಕಿಂತ ಒತ್ತಿ ಎಳೆದ. ಚಾಕು ಜಾರಿ ಕಡ್ಡಿಯ ಮೊಗ್ಗನ್ನೇ ಕತ್ತರಿಸಿತು. ಬಿಳಿ ಹಾಲು ಬೆರಳಿಗಿಳಿಯಿತು.

“ನಿನ್ ಎಂಡ್ರು ಚಾಕು ಕೆಡಿಸಿದ್ಲು, ನೀನು ಕಡ್ಡಿ ಕೆಡಿಸ್ದೆ. ಜೋಡಿ ಚೆನ್ನಾಗೈತೆ” ಎಂದ ಮುನಿಶಾಮಪ್ಪ.

ಒಳಗಿನಿಂದ ವೆಂಕಟಲಕ್ಷ್ಮಮ್ಮ ಬಂದಳು. ಬಂದ ರಭಸಕ್ಕೆ ಮುನಿಶಾಮಪ್ಪ ಕುರ್ಚಿಯಿಂದ ಅರ್ಧ ಎದ್ದ.

“ನೀವ್ ಬಾಯ್ಮುಚ್ಕಳಿ ಯಜಮಾನ್ರೇ. ಮರದ ಬೇರು ಕಡಿಸ್ದೋರು ನೀವು.” ಆಮೇಲೆ ಗಂಡನ ಕಡೆ ತಿರುಗಿದಳು. “ಮೂವತ್ತು ವರ್ಸ ನಿಮ್ ಪಕ್ಕ ಕೂತು ಕಸಿಗೆ ಪ್ಲಾಸ್ಟಿಕ್ ಸುತ್ತಿದ್ದೀನಿ. ಒಂದಿನಾನಾದ್ರೂ ಕಸಿ ಚಾಕು ಅಂದ್ರೆ ಇಂಗೆ, ಇದರ ಮಗ್ಗುಲು ಇಂಗೆ ಅಂತ ಬಾಯ್ಬಿಟ್ಟು ಅಂದಿದ್ರಾ? ಮುಟ್ಬ್ಯಾಡ, ಮುಟ್ಬ್ಯಾಡ, ಮುಟ್ಬ್ಯಾಡ! ಮುಟ್ಬ್ಯಾಡ ಅಂದ್ರೆ ಏನ್ ತಿಳೀತದೆ? ಬೆಂಕಿ ಬೀಳ ಅಂದ್ರಲ್ಲ, ಬಿತ್ತು ಈಗ, ನೋಡ್ಕಳಿ.”

ಬ್ಯಾಟರಾಯಪ್ಪ ಮೊಗ್ಗು ಹೋದ ಕಡ್ಡಿಯನ್ನು ಕೆಳಗಿಟ್ಟ. ಎರಡನೇ ಕಡ್ಡಿಯನ್ನು ಕೆಡಿಸಿದ್ದು ಚಾಕುವಲ್ಲ, ತನ್ನ ಕೈ ಎಂಬುದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಮತ್ತೆ ಕಲ್ಲಿನ ಮುಂದೆ ಕೂತ. ಅವಳು ಎದುರಿಗೆ ಕೂತು, ಮುಖ ಬೇರೆ ಕಡೆ ತಿರುಗಿಸಿಕೊಂಡೇ, ಚೊಂಬಿನಿಂದ ಹನಿಹನಿ ನೀರು ಬಿಡತೊಡಗಿದಳು.

ಅಕ್ಕಪಕ್ಕದ ಮನೆಗಳಲ್ಲಿ ಬೂದುಗುಂಬಳ ಒಡೆಯುವ ಸದ್ದು ಕೇಳತೊಡಗಿತು. ಕಾರು, ಆಟೋಗಳಿಗೆ ಬಾಳೆಕಂದು ಕಟ್ಟಿ ಆರತಿ ಎತ್ತಿದರು. ದೀಪ ಹಚ್ಚುವ ಹೊತ್ತು ಬಂತು. ಗುದ್ದಲಿ, ಸನಿಕೆ, ಕತ್ತರಿ, ಔಷಧಿ ಹೊಡೆಯುವ ಪಂಪು, ಎಲ್ಲ ದೇವರ ಮುಂದೆ ಕುಂಕುಮ ಇಟ್ಟುಕೊಂಡು ಕಾದಿದ್ದವು. ಚಾಕುವಿನ ಜಾಗ ಖಾಲಿ.

“ದೀಪ ಅಚ್ಚು ಓಗು” ಎಂದ ಗಂಡ, ತಲೆ ಎತ್ತದೆ.

“ದೇವ್ರು ಕಾಯ್ತಾನೆ. ಕಡ್ಡಿ ಕಾಯಾಕಿಲ್ಲ. ಉಜ್ಜಿ.”

ಕೊನೆಗೆ ಹಿಡಿಯ ಹತ್ತಿರ ಹೆಬ್ಬೆರಳಗಲದಷ್ಟು ಉಕ್ಕು ಸಪಾಟಾಯಿತು. ಅಷ್ಟಗಲದಲ್ಲೇ ಉಳಿದ ಮೂರು ಕಡ್ಡಿ ಎಳೆದ, ಉಸಿರು ಬಿಗಿಹಿಡಿದು, ಒಂದೊಂದೇ. ಒಂದೊಂದನ್ನೂ ಗಿಡದ ಸೀಳಿಗೆ ಕೂರಿಸಿ ಮುಳುಗುವ ಬೆಳಕಿಗೆ ಹಿಡಿದ. ನಡುವೆ ಬೆಳಕು ತೂರಲಿಲ್ಲ. ವೆಂಕಟಲಕ್ಷ್ಮಮ್ಮ ಪ್ಲಾಸ್ಟಿಕ್ ಸುತ್ತಿ, ಮೇಲೊಂದು ಐಸ್‌ಕ್ಯಾಂಡಿ ಕವರಿನ ಟೋಪಿ ಹಾಕಿದಳು. ಮುನಿಶಾಮಪ್ಪ ಮೂರು ಗಿಡಕ್ಕೂ ಕೈಮುಗಿದು, ಹೇಳದೆ ಕೇಳದೆ ಕಾರು ಹತ್ತಿದ.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ನೆರಳುಮನೆಯಿಂದ ವೆಂಕಟಲಕ್ಷ್ಮಮ್ಮನ ಕೂಗು ಕೇಳಿ ಬ್ಯಾಟರಾಯಪ್ಪ ಓಡಿದ. ಎರಡು ಕಡ್ಡಿ ಕಪ್ಪಾಗಿದ್ದವು. ಮೂರನೆಯದರ ತುದಿಯಲ್ಲಿ ಉಗುರಿನಷ್ಟು ಹಸಿರು ಬಿಚ್ಚಿತ್ತು. ಅವಳ ಕೈಯಲ್ಲಿ ಅದರ ಟೋಪಿ.

ಅವನು ಗದರಿದ. “ಚಿಗುರು ಬಲಿಯೋ ಮುಂಚೆ ಗಾಳಿ ತಗುಲಿದ್ರೆ ಸತ್ತೋಯ್ತದೆ! ಟೋಪಿ ತೆಗೀಬ್ಯಾಡ ಅಂದಿದ್ನಾ ಇಲ್ವಾ?”

“ಅಂದಿರ್ಲಿಲ್ಲ” ಎಂದಳು ಅವಳು.

ಬ್ಯಾಟರಾಯಪ್ಪ ಯೋಚಿಸಿದ. ಅಂದಿರಲಿಲ್ಲ.