ಬಂಡೆ ದಾಟಿ ಬಂದ ಕಿರಣ

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವಳನ್ನು ಮನೆಯಲ್ಲೂ ಲ್ಯಾಬಿನಲ್ಲೂ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕ ಗಣಿಗೆ ಇಳಿಯುತ್ತೇನೆಂದಾಗ ವಿಭಾಗದ ಮುಖ್ಯಸ್ಥರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಆಕಾಶದಿಂದ ಬರೋ ಕಿರಣ ಹುಡುಕೋಕೆ ಪಾತಾಳಕ್ಕೆ ಹೋಗ್ತೀರಾ ಮೇಡಂ?"

"ಅಲ್ಲೇ ಹುಡುಕಬೇಕು ಸರ್. ಮಿಕ್ಕಿದ್ದೆಲ್ಲ ಬಂಡೆಯಲ್ಲೇ ನಿಂತುಹೋಗುತ್ತೆ. ಅಷ್ಟು ಆಳಕ್ಕೂ ಇಳಿಯೋದು ಬೇರೆಯದೇ ಜಾತಿಯ ಕಿರಣ."

ಅಷ್ಟು ಆಳದಲ್ಲಿ ಅಂಥ ಪ್ರಯೋಗ ಮಾಡಿದವರಿರಲಿಲ್ಲ; ಉಪಕರಣವೂ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅಕ್ಕನೂ ಅವಳ ತಮ್ಮನೂ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು ತಾಮ್ರದ ಕೊಳವೆಗಳನ್ನು ತೊಳೆದು, ನಡುವೆ ಕೂದಲೆಳೆಯಂಥ ತಂತಿ ಬಿಗಿದು, ಗಾಳಿ ತೆಗೆದು, ಅನಿಲ ತುಂಬಿ ಬಾಯಿ ಮುಚ್ಚಿದರು. ಕಿರಣ ಹಾದುಹೋದರೆ ಕೊಳವೆಗೆ ಜೋಡಿಸಿದ ಯಂತ್ರ 'ಟಕ್' ಅನ್ನಬೇಕು. ತಮ್ಮ ಕರೆಂಟ್ ಕೆಲಸದವನು, ಬೆಸುಗೆಯಲ್ಲಿ ಪಳಗಿದ ಕೈ. ಕೊಳವೆ ಸೋರಿ ಅಕ್ಕ ತಲೆ ಮೇಲೆ ಕೈ ಹೊತ್ತು ಕೂತಾಗಲೆಲ್ಲ, "ಬಿಡಕ್ಕ, ಇದೂ ನಿನ್ನ ಹಾಗೇ, ಒಂದ್ಸಲಕ್ಕೆ ಮಾತು ಕೇಳಲ್ಲ," ಎಂದು ನಗಿಸಿ ಮತ್ತೆ ಬೆಸುಗೆಗೆ ಕೂರುತ್ತಿದ್ದ.

ಗಣಿಯ ತಳದ ಸುರಂಗದಲ್ಲಿ ಕೊಳವೆಗಳನ್ನು ಜೋಡಿಸಿ ಇನ್ನೂ ವಾರ ಕಳೆದಿರಲಿಲ್ಲ, ಪಕ್ಕದ ಗೋಡೆ ಒಡೆದು ನೀರು ನುಗ್ಗಿತು. ಕೆಲಸಗಾರರು ಎದ್ದೆವೋ ಬಿದ್ದೆವೋ ಎಂದು ಮೇಲಕ್ಕೆ ಒಯ್ಯುವ ಕಬ್ಬಿಣದ ಕೇಜಿನತ್ತ ಓಡಿದರು. ಅಕ್ಕ ಕೊಳವೆಗಳತ್ತ ತಿರುಗಿಯೂ ನೋಡದೆ, ಕಾಲು ಮುರಿದುಕೊಂಡ ಮುದುಕನೊಬ್ಬನನ್ನು ತಬ್ಬಿ ಎಳೆದು ತಂದಳು. ಜೊತೆಗಿದ್ದ ತಮ್ಮ ಅವರಿಬ್ಬರನ್ನೂ ಕೇಜಿನೊಳಗೆ ತಳ್ಳಿದ.

"ನೀನು ನಡಿ. ಮುಂದಿನದರಲ್ಲಿ ಬರ್ತೀನಿ."

ಮುಂದಿನದರಲ್ಲಿ ಉಳಿದವರೆಲ್ಲ ಬಂದರು, ಅವನು ಬರಲಿಲ್ಲ. ಒಂದಾದರೂ ಕೊಳವೆ ಉಳಿಸೋಣವೆಂದು ಹಿಂದಕ್ಕೆ ಓಡಿದನಂತೆ. ತಳದ ಸುರಂಗ ನೀರಿನಲ್ಲೇ ಉಳಿಯಿತು. ಹೆಣವೂ ಸಿಗಲಿಲ್ಲ.

"ನಿನ್ನ ವಿದ್ಯೆ ನನ್ನ ಮಗನ್ನ ನುಂಗಿ ನೀರು ಕುಡೀತು," ಎಂದಳು ಅಮ್ಮ. ಆಮೇಲೆ ಮಾತೇ ಬಿಟ್ಟಳು. ತಟ್ಟೆಗೆ ಬಡಿಸುವಳು, ಮಗಳ ಮುಖ ನೋಡಳು. ಶೆಡ್ಡಿನ ಬಾಗಿಲಿಗೆ ಬೀಗ ಬಿತ್ತು.

ಒಂದು ದಿನ ಆ ಮುದುಕ ಊರುಗೋಲು ಹಿಡಿದು ಬಂದ. "ಮೇಲಿನ ಸುರಂಗ ಒಣಗಿದೆ ತಾಯಿ. ನೀವು ಬರೋದಾದ್ರೆ ಸಾಮಾನು ನಮ್ಮ ಹುಡುಗರು ಹೊರ್ತಾರೆ."

ಅಕ್ಕ ಬೀಗ ತೆಗೆದಳು. ಬೆಸುಗೆ ಹಾಕಿ ಅಭ್ಯಾಸವಿಲ್ಲದ ಕೈ. ಬೆರಳು ಸುಟ್ಟವು, ಹೊಸ ಕೊಳವೆಗಳು ಸೋರಿದವು. ನಗಿಸುವವರಿಲ್ಲದ ಶೆಡ್ಡಿನಲ್ಲಿ ಅವಳು ಅತ್ತು, ಕಣ್ಣೊರೆಸಿಕೊಂಡು, ಮತ್ತೆ ಕೂತಳು. ಮಳೆಗಾಲ ಮುಗಿಯುವಷ್ಟರಲ್ಲಿ ಕೊಳವೆಗಳು ಹಿಡಿತಕ್ಕೆ ಬಂದವು. ಮೇಲಿನ ಸುರಂಗದಲ್ಲಿ ಬಹಳ ಹೊತ್ತಿನ ಮೌನದ ನಂತರ ಒಂದು 'ಟಕ್'. ಮತ್ತೆ ಮೌನ. ಮತ್ತೊಂದು.

ಕೆಸರು ಕಾಲಲ್ಲೇ ಮನೆಗೆ ಬಂದವಳನ್ನು ಅಮ್ಮ ಅಡುಗೆಮನೆಯ ಬಾಗಿಲಲ್ಲಿ ತಡೆದಳು.

"ಸಿಕ್ತಾ?"

"ಸಿಕ್ತಮ್ಮ. ಬಂಡೆ ದಾಟಿ ಬರುತ್ತೆ."

"ನೀರು?"

"ನೀರನ್ನೂ ದಾಟುತ್ತೆ."

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹಾಗಾದ್ರೆ ಅವನಿರೋ ತನಕ ಹೋಗುತ್ತಾ?"

"ಹೋಗುತ್ತಮ್ಮ. ಅಪರೂಪಕ್ಕೆ ಒಂದೊಂದು. ಆದ್ರೆ ನಿಲ್ಲೋದೇ ಇಲ್ಲ."

ಆ ದಿನ ತಾಯಿ ಮಗಳು ಎದುರುಬದುರು ಕೂತು ಉಂಡರು.

ಪ್ರಯೋಗದ ಲೇಖನ ಅಚ್ಚಿಗೆ ಹೋಗುವಾಗ ಅಕ್ಕ ತನ್ನ ಹೆಸರಿಗಿಂತ ಮೊದಲು ತಮ್ಮನ ಹೆಸರನ್ನು ಬರೆದಳು. "ಕರೆಂಟ್ ಕೆಲಸದವನ ಹೆಸರಾ?" ಎಂದು ಮುಖ್ಯಸ್ಥರು ಹುಬ್ಬೇರಿಸಿದರು.

"ಹೌದು ಸರ್," ಎಂದು ಲಕೋಟೆಗೆ ಅಂಟು ಹಚ್ಚಿದಳು.